ದಿಂಬಿನಿಂದ ಎದ್ದ ಭೂತ

ಬೆಳಿಗ್ಗೆ ನಮ್ಮ ಬೀದಿಗೆ ಹಾಸಿಗೆ ಹೊಲಿಯುವವನು ಬಂದಿದ್ದ. ಹಳೆಯ ದಿಂಬು ಬಿಚ್ಚಿ ಹತ್ತಿ ಹಿಂಜತೊಡಗಿದ. ಆ ಧೂಳಿಗೆ ನಿಮಗಾಗಿದ್ದರೆ ಸೀನು ಬರುತ್ತಿತ್ತು. ನನಗೆ ಹರಿಹರದ ಟೆಂಟ್ ಸಿನಿಮಾ ನೆನಪಾಯಿತು.

ಅರವತ್ತರ ದಶಕದ ಆರಂಭ. ನಾನು ಒಂಬತ್ತು ವರ್ಷದ ಹುಡುಗಿ. ಹೊಳೆದಂಡೆಯ ಬಯಲಿನಲ್ಲಿ ಟೆಂಟು. ಇದ್ದದ್ದು ಒಂದೇ ಯಂತ್ರ, ಹಾಗಾಗಿ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಆ ಬಿಡುವಿನಲ್ಲಿ ಮರಳ ಮೇಲೆ ಕುಳಿತ ಹೆಂಗಸರು ಮುಂದಿನ ಕಥೆಯನ್ನು ತಾವೇ ಹೇಳಿ ಮುಗಿಸುತ್ತಿದ್ದರು. ಎಷ್ಟೋ ಸಲ ಅವರ ಕಥೆಯೇ ಚೆನ್ನಾಗಿರುತ್ತಿತ್ತು.

ಆ ವಾರದ್ದು ಕನಸು ಕಾಣುವ ಹುಡುಗಿಯ ಚಿತ್ರ. ಅವಳು ಮಲಗಿದೊಡನೆ ದಿಂಬಿನಿಂದ ಬಿಳಿ ಭೂತವೊಂದು ಎದ್ದು ಅವಳನ್ನು ಮೋಡದ ಊರಿಗೆ ಹೊತ್ತೊಯ್ಯುತ್ತದೆ. ಚಿತ್ರ ತೆಗೆದವರು ಬಡವರಿರಬೇಕು; ಮೋಡದ ಊರನ್ನು ಬಟ್ಟೆಯ ಮೇಲೆ ಬರೆದಿದ್ದರು, ಅದು ಗಾಳಿಗೆ ಅಲುಗುತ್ತಿತ್ತು. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿಯುತ್ತಿದ್ದ ನಮ್ಮ ಚಿಗವ್ವ ಭೂತವನ್ನು ಕಂಡಿದ್ದೇ ತಡ, ಕೂಗಿದಳು:

"ಅಯ್ಯ, ಕಂಬಳಿಗೆ ಹತ್ತಿ ಮೆತ್ಯಾರಲ್ರೇ! ನಮ್ಮನ್ನ ಕೇಳಿದ್ರೆ ಇನ್ನೂ ಚಲೋ ಹತ್ತಿ ಕೊಡ್ತಿದ್ವಿ!"

ಟೆಂಟೆಲ್ಲ ನಕ್ಕಿತು. ನಾನು ಮಾತ್ರ ಕಿಟಾರನೆ ಕಿರುಚಿದೆ. ಕೊನೆಯ ರೀಲಿಗೆ ಮುಂಚೆಯೇ ಚಿಗವ್ವ ನನ್ನನ್ನು ಎತ್ತಿಕೊಂಡು ಹೊರಗೆ ಬಂದಳು.

ಆಮೇಲೆ ಮೂರು ದಿನ ನಾನು ದಿಂಬು ಮುಟ್ಟಲಿಲ್ಲ. ಆದರೆ ಆ ಹುಡುಗಿ ಮನೆಗೆ ಮರಳಿದಳೇ ಎಂದು ತಿಳಿಯದೆ ಅನ್ನವೂ ಸೇರುತ್ತಿರಲಿಲ್ಲ. ಮೂರನೆಯ ದಿನ ಸಂಜೆ, ಮರುದಿನವೇ ಆ ಚಿತ್ರದ ಕಡೆಯ ಆಟವೆಂದು ತಿಳಿದು, ಕಳಿಸೆಂದು ಹಟ ಹಿಡಿದೆ. ಅಪ್ಪ ಕರೆದು ಕೂರಿಸಿಕೊಂಡರು.

"ಅದು ಬರೀ ಹತ್ತಿ, ನಂಗೆ ಹೆದ್ರಿಕೆ ಇಲ್ಲ ಅನ್ನು. ನಾಳೆ ಕಳಿಸ್ತೀನಿ."

"ಹತ್ತಿನೇ ಅಪ್ಪಾ."

"ಹೆದ್ರಿಕೆ?"

"ಐತೆ."

"ಹತ್ತಿಗೆ ಯಾರಾದ್ರೂ ಹೆದರ್ತಾರೇನೇ?"

"ನಾನು ಹೆದರ್ತೀನಿ."

ಅಪ್ಪ ಕಳಿಸಲಿಲ್ಲ. "ಒಂದು ಸುಳ್ಳು ಹೇಳಾಕ ಏನಾಗಿತ್ತೇ ನಿಂಗೆ, ಹಟಮಾರಿ?" ಎಂದು ಚಿಗವ್ವ ತಲೆಗೆ ಮೊಟಕಿದಳು. ಎರಡು ದಿನ ಕಳೆದು ಹೋಗಿ ನೋಡಿದರೆ ಬಯಲಿನಲ್ಲಿ ಗೂಟ ಕಿತ್ತ ಕುಳಿಗಳಷ್ಟೇ ಇದ್ದವು. ಆ ಚಿತ್ರ ಮತ್ತೆಲ್ಲೂ ಸಿಗಲಿಲ್ಲ.

ಮುಂದೆ ಪತ್ರಿಕೆ ಸೇರಿ, ಕಂಡದ್ದನ್ನಷ್ಟೇ ಬರೆದು ಹೊಟ್ಟೆ ಹೊರೆದೆ. ಈ ಪ್ರಸಂಗವನ್ನು ಮಾತ್ರ ನನ್ನ ದಡ್ಡತನದ ತಮಾಷೆಯೆಂದು ಹೇಳಿ ನಗಿಸುತ್ತಿದ್ದೆ. ಇಂದು ಬರೆಯಲು ಕುಳಿತರೆ ನಗು ಬರುತ್ತಿಲ್ಲ. ಅದು ಹತ್ತಿಯೇ, ನಾನು ಹೆದರಿದ್ದೂ ನಿಜವೇ. ಒಂಬತ್ತರ ಹುಡುಗಿ ಎರಡನ್ನೂ ಸರಿಯಾಗಿಯೇ ವರದಿ ಮಾಡಿದ್ದಳು. ಎಷ್ಟೋ ತಪ್ಪು ಸುದ್ದಿಗಳಿಗೆ ತಿದ್ದುಪಡಿ ಹಾಕಿದ್ದೇನೆ. ಇದಕ್ಕೆ ಹಾಕುವುದಿಲ್ಲ.