ಗೆರೆ ಮೂಡದ ತಟ್ಟೆ

ಸ್ಲೈಡಕ್ಕನಿಗೆ ಆ ಕಾಲೇಜಿನಲ್ಲಿ ಸಿಗುತ್ತಿದ್ದ ಮರ್ಯಾದೆ ವರ್ಷಕ್ಕೆ ಹತ್ತೇ ನಿಮಿಷದ್ದು. ಮಿಕ್ಕ ದಿನವೆಲ್ಲ ಅವಳು ಜೀವಶಾಸ್ತ್ರದ ಲ್ಯಾಬಿನಲ್ಲಿ ಸ್ಲೈಡಿನ ಗಾಜು ತೊಳೆಯುವವಳು, ಬೂಸ್ಟು ಬೆಳೆಸುವವಳು. ಬ್ರೆಡ್ಡಿನ ಬೂಸ್ಟಿನ ಪಾಠ ಬಂದ ದಿನ ಮಾತ್ರ ವಿಭಾಗದ ಮುಖ್ಯಸ್ಥರು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತಿದ್ದರು. ಹತ್ತನೇ ಕ್ಲಾಸಿಗೇ ಓದು ಬಿಟ್ಟವಳು ಆಗ ನಲವತ್ತು ಮಕ್ಕಳ ಎದುರು ಮೇಷ್ಟ್ರೇ ಆಗಿಬಿಡುತ್ತಿದ್ದಳು.

"ಸಿನ್‌ಗಮಿ. ಗ್ರೀಕರ ಮಾತು. ಸಿನ್ ಅಂದ್ರೆ ಒಟ್ಟಿಗೆ, ಗಾಮೋಸ್ ಅಂದ್ರೆ ಮದುವೆ. ಗಂಡು ಕೋಶ, ಹೆಣ್ಣು ಕೋಶ ಸೇರಿ ಒಂದಾಗೋದಕ್ಕೆ ಈ ಹೆಸರು. ಕರೆಯೋಲೆ ಇಲ್ಲ, ಊಟ ಇಲ್ಲ, ಬೀಗರ ಮುನಿಸೂ ಇಲ್ಲ. ಬೂಸ್ಟಿನಲ್ಲಿ ಗಂಡು ಯಾವುದು ಹೆಣ್ಣು ಯಾವುದು ಅಂತ ನೋಡಿದ್ರೆ ಗೊತ್ತಾಗಲ್ಲ. ಅದಕ್ಕೇ ಒಂದಕ್ಕೆ ಪ್ಲಸ್ ಅಂತೀವಿ, ಇನ್ನೊಂದಕ್ಕೆ ಮೈನಸ್ ಅಂತೀವಿ."

ಆಮೇಲೆ ತಟ್ಟೆ ತೋರಿಸುವಳು. ಒಂದು ಅಂಚಿಗೆ ಪ್ಲಸ್ ಬೂಸ್ಟು, ಎದುರಂಚಿಗೆ ಮೈನಸ್ ಇಟ್ಟು ವಾರ ಬಿಟ್ಟರೆ, ಎರಡೂ ಬೆಳೆದು ಬಂದು ಕೂಡುವ ನಡುವಿನಲ್ಲಿ ಕಪ್ಪು ಗೆರೆ ಮೂಡಿರುತ್ತದೆ. ಅದೇ ಮದುವೆಯಾದ ಗುರುತು.

ಇಂಥ ಸಾಮ್ರಾಜ್ಯಕ್ಕೆ ತಮ್ಮನ ಹೆಂಡತಿಯನ್ನು ಸೇರಿಸಿದವಳು ಅವಳೇ. ಪದವಿ ಮುಗಿಸಿ ಮನೆಯಲ್ಲಿದ್ದ ಹುಡುಗಿ, ಪಾಪ ಎಂದು ಮುಖ್ಯಸ್ಥರ ಕೈಕಾಲು ಹಿಡಿದು ಆರು ತಿಂಗಳ ಪರೀಕ್ಷಾರ್ಥ ಕೆಲಸ ಕೊಡಿಸಿದ್ದಳು. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗಾಯಿತು! ಮೂರೇ ತಿಂಗಳಿಗೆ ಮಕ್ಕಳೆಲ್ಲ ನಾದಿನಿಯ ಮೇಜಿನ ಸುತ್ತ. ಅದೇನು ಕಡಿದು ಕಟ್ಟೆ ಹಾಕಿದ್ದಾಳೋ! ಅಡುಗೆಮನೆಯಲ್ಲಿ "ಅತ್ತಿಗೆ, ಅತ್ತಿಗೆ" ಎಂದು ಹಿಂದೆಯೇ ಸುತ್ತುವ ಅವಳ ದನಿಯೂ ಸ್ಲೈಡಕ್ಕನಿಗೆ ಮೈ ಉರಿಸತೊಡಗಿತು.

ಒಂದು ದಿನ ಮುಖ್ಯಸ್ಥರು, "ಈ ಸಲ ಸಿನ್‌ಗಮಿ ನಿಮ್ಮ ನಾದಿನಿ ಹೇಳ್ಲಿ. ಓದಿದವಳು. ತಟ್ಟೆನೂ ಅವಳೇ ಸಿದ್ಧ ಮಾಡ್ಲಿ. ಚೆನ್ನಾಗಿ ಮಾಡಿದ್ರೆ ಕೆಲಸ ಖಾಯಂ ಮಾಡೋಣ" ಎಂದರು.

"ಆಗ್ಲಿ ಸರ್" ಎಂದಳು ಸ್ಲೈಡಕ್ಕ. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು.

ತಟ್ಟೆ ಸಿದ್ಧ ಮಾಡುವ ದಿನ ನಾದಿನಿ ಊಟಕ್ಕೆ ಹೋಗಿದ್ದಾಗ ಸ್ಲೈಡಕ್ಕ ಮೈನಸ್ ಎಂದು ಬರೆದಿದ್ದ ಕೊಳವೆಯನ್ನು ಬರಿದುಮಾಡಿ ಪ್ಲಸ್ ಬೂಸ್ಟನ್ನೇ ತುಂಬಿಟ್ಟಳು. ಎರಡೂ ನೋಡಲು ಒಂದೇ ಥರ ಬಿಳಿ ಹತ್ತಿ. ಅನುಮಾನಕ್ಕೆ ಎಡೆಯೇ ಇಲ್ಲ.

ಪಾಠದ ದಿನ ನಾದಿನಿ ಮುಚ್ಚಳ ತೆಗೆದಳು. ಬೂಸ್ಟು ತಟ್ಟೆ ತುಂಬಿತ್ತು, ಗೆರೆ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿಯ ಮುಖ ಹುಳ್ಳಗಾಯಿತು. ಬಾಗಿಲ ಬಳಿ ನಿಂತಿದ್ದ ಸ್ಲೈಡಕ್ಕನಿಗೆ ಹಾಲು ಕುಡಿದಷ್ಟು ಸಂತೋಷ.

"ಇಷ್ಟು ಸಣ್ಣ ಕೆಲಸ ಆಗ್ಲಿಲ್ವಾ? ಖಾಯಂ ಮಾಡೋ ಮಾತು ಇಲ್ಲಿಗೇ ಬಿಡೋಣ. ತಿಂಗಳ ಕೊನೆಗೆ ನಿಲ್ಲಿಸಿಬಿಡಮ್ಮ" ಎಂದರು ಮುಖ್ಯಸ್ಥರು.

"ತಪ್ಪು ನಂದೇ ಸರ್. ಅತ್ತಿಗೆ ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ರು, ನಾನೇ ಎಲ್ಲೋ ಎಡವಿದೀನಿ" ಎಂದಳು ನಾದಿನಿ.

ಮುಖ್ಯಸ್ಥರು ಸೀಮೆಸುಣ್ಣವನ್ನು ಸ್ಲೈಡಕ್ಕನ ಕೈಗಿಟ್ಟರು. ಬೇಕಾಗಿದ್ದು ಇದೇ ತಾನೇ? ಅವಳು ಹಲಗೆಯ ಮೇಲೆ ಪದ ಬರೆದು ತಿರುಗಿದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಅಕ್ಕಾ, ಇವು ಯಾಕೆ ಸೇರಲಿಲ್ಲ?" ಎಂದು ಕೇಳಿದಳು.

"ಎರಡೂ ಪ್ಲಸ್ಸೇ. ಒಂದೇ ಜಾತಿಯವು ಒಂದರ ಮೇಲೊಂದು ಬೆಳೀತವೆ, ಕೂಡಲ್ಲ."

"ಹಾಗಾದ್ರೆ ಮೈನಸ್ ಎಲ್ಲಿ ಹೋಯ್ತು?"

ನಾದಿನಿ ಮೂಲೆಯಲ್ಲಿ ತಟ್ಟೆ ಒರೆಸುತ್ತ ನಿಂತಿದ್ದಳು, ತಲೆ ಎತ್ತಿರಲಿಲ್ಲ. ತಪ್ಪು ನಂದೇ ಎಂದ ಅವಳ ಮಾತು ನೆನಪಾಗಿ ಸ್ಲೈಡಕ್ಕ ಸೀಮೆಸುಣ್ಣ ಕೆಳಗಿಟ್ಟಳು.

"ನಾನು ಚೆಲ್ಲಿದೆ" ಎಂದಳು. "ಈ ಪಾಠ ಇವಳು ಹೇಳಬಾರದು ಅಂತ, ಹೊಟ್ಟೆಕಿಚ್ಚಿಗೆ ಚೆಲ್ಲಿದೆ. ಇವಳದೇನೂ ತಪ್ಪಿಲ್ಲ ಸರ್."

ಮುಖ್ಯಸ್ಥರು ಅವಳನ್ನು ಮತ್ತೆಂದೂ ಹಲಗೆಯ ಬಳಿಗೆ ಕರೆಯಲಿಲ್ಲ. ಎರಡು ವಾರದ ಮೇಲೆ, ಬೇರೆ ಮೈನಸ್ ತರಿಸಿ ಮಾಡಿದ ಹೊಸ ತಟ್ಟೆಯಲ್ಲಿ ಕಪ್ಪು ಗೆರೆ ಚೆನ್ನಾಗಿಯೇ ಮೂಡಿತು, ನಾದಿನಿಯ ಕೆಲಸ ಖಾಯಂ ಆಯಿತು. ಸ್ಲೈಡಕ್ಕ ತೊಟ್ಟಿಯ ಬಳಿ ಗಾಜು ತೊಳೆಯುತ್ತ ಆ ಪಾಠ ಕೇಳಿದಳು. ಹುಡುಗಿ ಅವಳಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ಅದು ಸ್ಲೈಡಕ್ಕನಿಗೂ ಗೊತ್ತಾಯಿತು, ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.