ಸುಣ್ಣ ಬಳಿದ ಚಾವಣಿ

ಡಮ್ ಡಮ್ ಸ್ಟೇಷನ್ನಿನ ಹಿಂದಿನ ಓಣಿಗಳಲ್ಲಿ ಹಿರಿಯಣ್ಣನವರ ಮನೆ ಎಲ್ಲಿ ಎಂದು ಕೇಳಿದರೆ ಜನ ಮುಖ ಮುಖ ನೋಡುತ್ತಾರೆ. ‘ರೇಲ್ ದಾದಾ’, ಅಂದರೆ ರೈಲಿನ ಅಣ್ಣ, ಎಂದು ಕೇಳಿದರೆ ಮೀನು ಮಾರುವವನೂ ಎದ್ದು ಬಂದು ಮನೆ ತೋರಿಸುತ್ತಾನೆ. ಹೊಸದುರ್ಗದ ಕಡೆಯ ಈ ಮನುಷ್ಯ ರೈಲ್ವೆಯಲ್ಲಿ ಕಟ್ಟಡಗಳ ಇನ್ಸ್‌ಪೆಕ್ಟರಾಗಿದ್ದು, ಖರಗಪುರ, ಅಸನ್ಸೋಲ್ ಎಲ್ಲ ಸುತ್ತಿ, ಕೊನೆಗೆ ಇಲ್ಲೇ ನಿವೃತ್ತರಾದರು. ಊರಿಗೆ ಹೋಗೋಣವೆಂದು ಹೆಂಡತಿ ರೇಣುಕಾ ಸ್ವಲ್ಪ ಕಾಲ ಹೇಳಿ ನೋಡಿದರು. ಆಮೇಲೆ ಆಕೆಯೇ ಕೇರಿಯ ಸಾರ್ವಜನಿಕ ಗ್ರಂಥಾಲಯಕ್ಕೆ ಅಂಟಿಕೊಂಡು ಊರಿನ ಮಾತು ಬಿಟ್ಟರು.

ಅದು ಹತ್ತಿರದ ಸಾಲ್ಟ್ ಲೇಕ್ ಬಡಾವಣೆಯಲ್ಲಿ ಗಾಜಿನ ಕಟ್ಟಡಗಳು ಪೈಪೋಟಿಯ ಮೇಲೆ ಏಳುತ್ತಿದ್ದ ಕಾಲ. ಕೇರಿಯ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆ ಕಂಪ್ಯೂಟರ್ ಕಂಪನಿಗಳಿಗೆ ಹೋಗುತ್ತಿದ್ದರು, ಬರುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ಮಕ್ಕಳು ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಕೂತು ಓದುತ್ತಿದ್ದವು. ಅವುಗಳ ನಡುವೆ ಕೂತು ಕಥೆ ಹೇಳುವುದು, ಜಗಳ ಬಿಡಿಸುವುದು, ಮೂಗು ಒರೆಸುವುದು ರೇಣುಕಾ ಅವರ ಕೆಲಸ. ಸಂಬಳವಿಲ್ಲ, ಸಂಭ್ರಮ ಮಾತ್ರ ಬೇಕಾದಷ್ಟಿತ್ತು.

ಕಟ್ಟಡ ಮಾತ್ರ ಮುದಿಯಾಗಿತ್ತು. ಯಾರೋ ಜಮೀನ್ದಾರರು ದಾನ ಕೊಟ್ಟ ಮನೆ. ಕಬ್ಬಿಣದ ತೊಲೆಗಳ ಮೇಲೆ ನಿಂತ ಚಾವಣಿ ಮಳೆಗಾಲದಲ್ಲಿ ಸೋರುತ್ತಿತ್ತು, ಗೋಡೆಯ ಸಂದಿಯಲ್ಲಿ ಅರಳಿ ಗಿಡ ಬೇರು ಬಿಟ್ಟಿತ್ತು. ಆ ವರ್ಷ ಸರ್ಕಾರ ಹಳೆಯ ಗ್ರಂಥಾಲಯಗಳನ್ನು ಪರೀಕ್ಷಿಸಿ ದುರಸ್ತಿಗೆ ಹಣ ಕೊಡಲು ಹೊರಟಿತು. ಇಂಜಿನಿಯರ್ ಒಬ್ಬರು ಬಂದು ನೋಡಿ ವರದಿ ಬರೆಯಬೇಕು, ಅದರ ಮೇಲೆ ಹಣ. ಸಿಗದಿದ್ದರೆ ಇನ್ನೊಂದು ಮಳೆಗಾಲವನ್ನು ಈ ಚಾವಣಿ ಕಾಣುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಗ್ರಂಥಪಾಲಕಿ ಶೇಫಾಲಿ ಸೀದಾ ಹಿರಿಯಣ್ಣನವರ ಮನೆಗೆ ಬಂದರು.

“ದಾದಾ, ತಪಾಸಣೆ ಅಂದ್ರೆ ನಿಮಗೆ ಗೊತ್ತಿರೋ ವಿಷಯ. ನೀವೇ ಮುಂದೆ ನಿಂತು ನಡೆಸಿಕೊಡಿ.”

ಹಿರಿಯಣ್ಣನವರಿಗೆ ಅಷ್ಟೇ ಬೇಕಿತ್ತು. ನಿವೃತ್ತರಾದ ಮೇಲೆ ಅವರನ್ನು ಯಾರೂ ಯಾವುದಕ್ಕೂ ಮುಂದೆ ನಿಲ್ಲಿಸಿರಲಿಲ್ಲ. ರೈಲ್ವೆಯಲ್ಲಿ ದೊಡ್ಡ ಸಾಹೇಬರ ತಪಾಸಣೆಯೆಂದರೆ ಮದುವೆ ಮನೆಯ ಸಡಗರ. ಕಲ್ಲಿಗೆಲ್ಲ ಸುಣ್ಣ, ಮರದ ಬುಡಕ್ಕೆಲ್ಲ ಕೆಮ್ಮಣ್ಣು, ಸಾಹೇಬರು ಕಾಲಿಟ್ಟ ಕಡೆಯೆಲ್ಲ ಫಳಫಳ. ಜೀವಮಾನವಿಡೀ ಅದನ್ನೇ ಮಾಡಿದ ಕೈ ಸುಮ್ಮನಿರುತ್ತದೆಯೇ? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ರೈಲ್ವೆ ಗುಣವೂ ಹಾಗೆಯೇ ಇರಬೇಕು. ದುರ್ಗಾಪೂಜೆ ಮಾಡುವ ಕ್ಲಬ್ಬಿನ ಹುಡುಗರನ್ನೆಲ್ಲ ಎಳೆದುಕೊಂಡು ಬಂದರು. ಅರಳಿ ಗಿಡ ಕಡಿಸಿದರು, ಬಿರುಕಿಗೆಲ್ಲ ಸಿಮೆಂಟು ಮೆತ್ತಿಸಿದರು. ಮಹಡಿಯ ಚಾವಣಿಯಲ್ಲಿ ಗಾರೆ ಉದುರಿ ತೊಲೆ ಕಾಣುತ್ತಿದ್ದ ಕಡೆ ತಾವೇ ಏಣಿ ಹತ್ತಿ ಹೊಸ ಗಾರೆ ಹಾಕಿ, ಮೇಲೆ ಸುಣ್ಣ ಬಳಿದರು. ಸೋರಿದ ನೀರಿಗೆ ಇಟ್ಟಿದ್ದ ಬಕೆಟ್ಟುಗಳು ಬಚ್ಚಲಿಗೆ ಹೋದವು.

“ಅಲ್ಲಾ ರೀ, ಆ ತೊಲೆ ಪದರ ಪದರ ಎದ್ದಿತ್ತಲ್ಲ, ಅದನ್ನೇನು ಮಾಡಿದ್ರಿ?” ಎಂದು ರೇಣುಕಾ ಕೇಳಿದರು.

“ಸುಮ್ನಿರೇ. ಬರೋರ ಮುಂದೆ ಹರಕಲು ಬಟ್ಟೆ ಹಾಕ್ಕೊಂಡು ನಿಂತ್ಕೊಳಕ್ಕಾಗುತ್ತಾ?”

ಇಂಜಿನಿಯರ್ ಬಂದರು. ಸಾನ್ಯಾಲ್ ಎಂಬ ನಡುವಯಸ್ಸಿನ ಹೆಂಗಸು, ಕಡಿಮೆ ಮಾತು. ಕೆಳಗೆ ನೋಡಿದರು, ಮಹಡಿ ನೋಡಿದರು. ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿದವು. ಆಕೆಯ ಮುಖ ಅರಳಿತು.

“ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ! ಯಾರ ಉಸ್ತುವಾರಿ?”

ಹಿರಿಯಣ್ಣನವರ ಎದೆ ಉಬ್ಬಿತು. ಅದು ಪೂರ್ತಿ ಉಬ್ಬುವ ಮೊದಲೇ ಆಕೆ ಮುಂದುವರಿಸಿದರು: “ದಕ್ಷಿಣೇಶ್ವರದ ಕಡೆ ಒಂದು ಕಟ್ಟಡ ನೋಡಿ ಬಂದೆ, ಗೋಡೆಯೊಳಗೇ ಮರ ಬೆಳೆದಿದೆ. ಇರುವ ಹಣ ಮೊದಲು ಅಂಥವಕ್ಕೆ ಹೋಗಬೇಕಲ್ಲವೇ? ನಿಮಗೇನೂ ಅವಸರವಿಲ್ಲ.”

ಶೇಫಾಲಿಯ ಕೈಯಲ್ಲಿದ್ದ ಸಂದೇಶ್ ಮಿಠಾಯಿಯ ತಟ್ಟೆ ಅಲ್ಲೇ ನಿಂತಿತು. ಹಿರಿಯಣ್ಣನವರಿಗೆ ಆಗ ಹೊಳೆಯಿತು. ಈಕೆ ಬಂದದ್ದು ಮೆಚ್ಚಿ ಹೋಗಲಿಕ್ಕಲ್ಲ, ಕೇಡು ಎಷ್ಟಿದೆಯೆಂದು ನೋಡಲಿಕ್ಕೆ. ಮೇಲೆ ಥಳಕು, ಒಳಗೆ ಹುಳುಕು ಮಾಡಿಟ್ಟವರು ತಾವೇ. ಹೇಳಿದರೆ ಕೇರಿಯವರ ಮುಂದೆ ಮಾನ ಹೋಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ? ಅವರು ತಲೆಯೆತ್ತಿ ಚಾವಣಿ ನೋಡಿದರು. ಅದರ ಕೆಳಗೇ ಬೆಂಚು, ಬೆಂಚಿನ ಮೇಲೆ ಮಕ್ಕಳು, ಮಕ್ಕಳ ನಡುವೆ ರೇಣುಕಾ. ಮೊಟ್ಟಮೊದಲ ಸಲ ಅವರಿಗೆ ನಿಜವಾದ ಹೆದರಿಕೆಯಾಯಿತು. ಇಷ್ಟು ದಿನ ಗಾರೆ ಉದುರುತ್ತಿದ್ದರಿಂದ ಮಕ್ಕಳು ಆ ಜಾಗ ಬಿಟ್ಟು ಕೂರುತ್ತಿದ್ದವು. ಈಗ ಚೆಂದವಾಗಿದೆಯೆಂದು ಬೆಂಚನ್ನು ಅಲ್ಲಿಗೇ ಎಳೆದುಕೊಂಡಿದ್ದವು.

“ರೇಣುಕಾ, ಮಕ್ಕಳನ್ನ ಕರ್ಕೊಂಡು ಕೆಳಗಿಳಿ. ಈಗ್ಲೇ ಇಳಿ,” ಎಂದರು.

ಕೋಣೆ ಖಾಲಿಯಾದ ಮೇಲೆ ಏಣಿ ತಂದು ಹತ್ತಿ, ತಾವೇ ಹಾಕಿದ ಗಾರೆಯನ್ನು ಸುತ್ತಿಗೆಯಿಂದ ಕುಟ್ಟಿದರು. ಹಲಗೆಯಂತೆ ಒಂದು ತುಂಡು ಬಿತ್ತು. ಅದರ ಹಿಂದೆ ತುಕ್ಕು ಹಿಡಿದ ತೊಲೆ ಹಪ್ಪಳದ ಹಾಗೆ ಪದರ ಬಿಟ್ಟುಕೊಂಡು ಕಂಡಿತು.

ಸಾನ್ಯಾಲ್ ಅವರ ಕಣ್ಣು ಕೆಂಪಾದವು. “ಇದನ್ನು ಮುಚ್ಚಿದವರು ಯಾರು?”

“ನಾನೇ ಮೇಡಂ. ತಪಾಸಣೆಗೆ ಅಂತ ಬಳಿದೆ. ಮುಚ್ಚಿಡಬೇಕು ಅಂತಲ್ಲ, ಅಭ್ಯಾಸ. ಅಷ್ಟು ಬುದ್ಧಿ ಓಡಲಿಲ್ಲ.”

“ಮಕ್ಕಳ ತಲೆಯ ಮೇಲೆ ಇಂಥ ಅಭ್ಯಾಸವೇ!”

ಕ್ಲಬ್ಬಿನ ಹುಡುಗರ ಮುಂದೆಯೇ ಆಕೆ ಝಾಡಿಸಿದರು. ಹಿರಿಯಣ್ಣನವರು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡರು. ಆಮೇಲೆ ಆಕೆ ಎಲ್ಲ ಬಿರುಕುಗಳನ್ನೂ ಬಿಚ್ಚಿಸಿ ಅಳೆದು, ಮಹಡಿಗೆ ಬೀಗ ಹಾಕಿಸಿ, ಚಹಾ ಕೂಡ ಮುಟ್ಟದೆ ಹೊರಟುಹೋದರು.

ಬೀಗ ಬಿದ್ದ ಮೇಲಿನ ವಾರಗಳು ಕೆಟ್ಟವು. ಮಕ್ಕಳು ಕೆಳಗೆ ಪುಸ್ತಕದ ಬೀರುಗಳ ನಡುವೆ ಇರುಕಿಕೊಂಡು ಕೂರುತ್ತಿದ್ದವು. ಇಂಜಿನಿಯರಮ್ಮನ ಸಿಟ್ಟಿಗೆ ಹಣವೂ ಹೋಯಿತೆಂದು ಕೇರಿಯಲ್ಲಿ ಗುಸುಗುಸು. ಹಿರಿಯಣ್ಣನವರು ಮೀನಿನ ಮಾರ್ಕೆಟ್ಟಿನ ಮುಂದೆ ಹಾಯುವುದನ್ನೇ ಬಿಟ್ಟರು. ಅನ್ನ ಸೇರುತ್ತಿರಲಿಲ್ಲ. ರೇಣುಕಾ ಬೈದಿದ್ದರೆ ಎಷ್ಟೋ ಮೇಲಿತ್ತು.

ಒಂದು ಮಧ್ಯಾಹ್ನ ಶೇಫಾಲಿ ಓಣಿಯ ತುದಿಯಿಂದಲೇ ಕೂಗುತ್ತ ಬಂದರು: “ದಾದಾ! ನಮ್ಮದೇ ಎಲ್ಲದಕ್ಕಿಂತ ಕೆಟ್ಟ ಕಟ್ಟಡವಂತೆ! ಪಟ್ಟಿಯಲ್ಲಿ ಮೊದಲನೇದು! ಹೊಸ ಚಾವಣಿಗೆ ಪೂರ್ತಿ ಹಣ ಬಂತು!”

ಇಷ್ಟು ಕೆಟ್ಟ ಹೆಸರಿಗೆ ಇಷ್ಟು ಕುಣಿದ ಕೇರಿ ಇನ್ನೊಂದಿರಲಿಕ್ಕಿಲ್ಲ. ಯಾರೋ ರೊಶೊಗುಲ್ಲಾದ ಮಡಕೆಯನ್ನೇ ಹೊತ್ತು ತಂದರು. ಹಿರಿಯಣ್ಣನವರಿಗೆ ಹೋದ ಜೀವ ಬಂದಂತಾಯಿತು. ಅಂದು ಅವರು ಎರಡು ಸಲ ಅನ್ನ ಹಾಕಿಸಿಕೊಂಡು, ಬೆಳಗಿನವರೆಗೂ ಗೊರಕೆ ಹೊಡೆದರು.

ಮಳೆಗೆ ಮುಂಚೆಯೇ ಚಾವಣಿ ಕೆಡವಲು ಆಳುಗಳು ಬಂದರು. ಕೇರಿಯವರೆಲ್ಲ ರಸ್ತೆಯ ಆಚೆ ನಿಂತು ನೋಡುತ್ತಿದ್ದರು. ಮೇಸ್ತ್ರಿ ಒಂದು ಅಂಚಿಗೆ ಹಾರೆ ಹಾಕಿ ಮೀಟಿದ. ಒಂದೇ ಒಂದು ಸಲ. ಮಕ್ಕಳು ಬೆಂಚು ಎಳೆದುಕೊಂಡಿದ್ದ ಜಾಗದ ಮೇಲಿನ ಚಾವಣಿ ಅಷ್ಟೂ, ತೊಲೆ ಸಮೇತ, ಧಡಾರನೆ ಕುಸಿಯಿತು. ಕಿಟಕಿಯಿಂದ ಧೂಳು ಎದ್ದು ಓಣಿಯನ್ನೇ ಮುಚ್ಚಿತು.

ಯಾರೂ ಕುಣಿಯಲಿಲ್ಲ. ತಾಯಂದಿರು ತಂತಮ್ಮ ಮಕ್ಕಳ ಕೈ ಹಿಡಿದುಕೊಂಡರು. ಹಿರಿಯಣ್ಣನವರು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು, ಎಲ್ಲರೆದುರಿಗೇ ಮಗುವಿನ ಹಾಗೆ ಅತ್ತುಬಿಟ್ಟರು.

“ನೀನೂ ಅಲ್ಲೇ ಕೂತಿರ್ತಿದ್ದೆ ಕಣೇ…”

ರೇಣುಕಾ ಪಕ್ಕದಲ್ಲಿ ಕೂತು, ಸೆರಗಿನಿಂದ ಅವರ ಮುಖದ ಧೂಳು ಒರೆಸಿದರು.

“ಕೂತಿರ್ಲಿಲ್ಲ ಅಲ್ವಾ,” ಎಂದರು. “ಯಾರೂ ಕೂತಿರ್ಲಿಲ್ಲ. ನೀವೇ ಎಬ್ಬಿಸಿದ್ರಿ.”