ಹುಲ್ಲಿಗಾಗಿ ನೆಲಕ್ಕೆ ತೂತು ಹೊಡೆಯುತ್ತಿದ್ದ ಶರಣಪ್ಪ ಕಾಕಾ

ಇಲ್ಲ... ಇನ್ನೂ ನಂಬಲಾಗುತ್ತಿಲ್ಲ.
ನಿನ್ನೆ ಸಂಜೆ ನಾನೇ ಜೇವರ್ಗಿ ಬಸ್‌ ಸ್ಟ್ಯಾಂಡಿನಲ್ಲಿ ನೆಲೋಗಿ ಬಸ್ ಹತ್ತಿಸಿ ಬಂದಿದ್ದೆ.
"ನಾಳಿ ಲಗೂ ಬರ್ತೇನ್ರಿ ಟೀಚರ್" ಅಂದಿದ್ದರು...
ಬೆಳಿಗ್ಗೆ ಅವರ ಮಗಳ ಫೋನ್. ಹಾರ್ಟ್ ಅಟ್ಯಾಕ್...

ನಮ್ಮ ಶಾಲೆಯ ಗ್ರೌಂಡ್ ನೋಡಿಕೊಳ್ಳುತ್ತಿದ್ದ ಶರಣಪ್ಪ ಕಾಕಾ ಇನ್ನಿಲ್ಲ.

ಪಿ.ಇ. ಟೀಚರ್ ಆಗಿ ಬಂದ ಹೊಸದರಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೆ.
ಪರೇಡಿಗೆ ನೆಲ ಸಪಾಟಾಗಲಿ ಎಂದು, ಮಳೆಯ ಮರುದಿನವೇ ಹಸಿ ಎರೆಮಣ್ಣಿನ ಮೇಲೆ ರೋಲರ್ ಹೊಡೆಸಿಬಿಟ್ಟೆ!
ಕಾಕಾ ರಜೆಯಲ್ಲಿದ್ದರು. ಬಂದು ನೋಡಿ ತಲೆ ಮೇಲೆ ಕೈಹೊತ್ತು ಕುಳಿತರು.
ಒಣಗಿದ ಮೇಲೆ ನೆಲ ಕಲ್ಲಾಯಿತು. ನೀರು ಹಾಕಿದರೆ ಇಂಗಲೇ ಇಲ್ಲ... ಹುಲ್ಲು ಹಳದಿಯಾಯಿತು.
ಬರಿಗಾಲಲ್ಲಿ ಓಡುವ ನಮ್ಮ ಹುಡುಗಿಯರು ಬಿದ್ದು ದಿನಾ ಮೊಣಕಾಲು ತರಚಿಸಿಕೊಂಡು ಬರುತ್ತಿದ್ದರು.

ಕಾಕಾ... ನೀವು ಒಂದು ಮಾತೂ ಬೈಯಲಿಲ್ಲ.
ವೆಲ್ಡಿಂಗ್ ಅಂಗಡಿಗೆ ಹೋಗಿ ಎರಡು ಪೈಪ್ ಜೋಡಿಸಿ, ಕಾಲಿಡಲು ಒಂದು ಪಟ್ಟಿ ಹಾಕಿಸಿಕೊಂಡು ಬಂದಿರಿ.
ಮುಂದಿನ ಮಳೆಗೆ ನೆಲ ಹದಕ್ಕೆ ಬಂದಾಗ ತುಳಿದು ತುಳಿದು ಗೇಣಿಗೊಂದು ತೂತು.
ಬೆರಳುದ್ದ ಮಣ್ಣು ಹೊರಗೆ... ತೂತು ಮತ್ತೆ ಮುಚ್ಚದಂತೆ ಉಸುಕು ಒಳಗೆ.
ನಾನೋ, ಗ್ರೌಂಡ್ ಜರಡಿಯಾಯಿತೆಂದು ಕೂಗಾಡಿದೆ.
"ಏನ್ ಮಾಡಾಕತ್ತೀರಿ ಕಾಕಾ? ಇದ್ದ ಹುಲ್ಲೂ ಹೋಗ್ತದ!"
ನೀವು ಬೆವರು ಒರೆಸಿಕೊಂಡು ನಕ್ಕಿರಿ.
"ಬೇರಿಗಿ ಗಾಳಿ ಬೇಕಲ್ರಿ ಟೀಚರ್. ನೀವು ಮೂಗು ಮುಚ್ಚಿಕೊಂಡು ಎಷ್ಟೊತ್ತು ಕೂಡ್ತೀರಿ ಹೇಳ್ರಿ?"

ತಿಂಗಳೊಳಗೆ ಹಸಿರು ಬಂತು.
ಬಿದ್ದ ಹುಡುಗಿಯರು ನಗುತ್ತಾ ಎದ್ದು ಓಡತೊಡಗಿದರು.
ಆಮೇಲೆ ಪ್ರತಿ ವರ್ಷ ನಿಮ್ಮ ಜೊತೆ ಉಸುಕು ಹೊತ್ತೆ. ಆದರೆ "ತಪ್ಪಾಯಿತು" ಎಂಬ ಒಂದು ಮಾತು ಹೇಳಲು ನನ್ನ ಟೀಚರ್ ಗತ್ತು ಬಿಡಲಿಲ್ಲ ಕಾಕಾ... ಇವತ್ತು ಅದೇ ಮನಸ್ಸನ್ನು ಚುಚ್ಚುತ್ತಿದೆ.

ಫ್ರೆಂಡ್ಸ್, ಮಧ್ಯಾಹ್ನ ನೆಲೋಗಿಯಲ್ಲಿ ಮಣ್ಣು ಕೊಟ್ಟು ಬಂದೆವು.
ಈ ವರ್ಷದ ಕೆಲಸ ಅರ್ಧಕ್ಕೇ ನಿಂತಿದೆ. ಎರಡು ದಿನ ಬಿಟ್ಟರೆ ನೆಲ ಒಣಗಿ ಪೈಪ್ ಇಳಿಯುವುದೇ ಇಲ್ಲ.
ಶಾಲೆಯ ಹತ್ತಿರ ಜೀಪ್ ಇಳಿದದ್ದೇ, ನಮ್ಮ ಹುಡುಗಿಯರ ಟೀಮಿನ ಭಾಗಮ್ಮ ಕಣ್ಣೊರೆಸಿಕೊಂಡು ಅಂದಳು...
"ಇವತ್ತ ಪ್ರಾಕ್ಟೀಸ್ ಬ್ಯಾಡ್ರಿ ಟೀಚರ್. ಕಾಕಾನ ಕೆಲಸ ಮುಗಸೂಣ್ರಿ."

ಹನ್ನೊಂದು ಹುಡುಗಿಯರು ಉಸುಕಿನ ಬುಟ್ಟಿ ಹಿಡಿದು ನಿಂತರು.
ಪೈಪ್ ನಾನೇ ಹಿಡಿದೆ. ತುಳಿದೆ... ಇಳಿಯಲಿಲ್ಲ.
"ಪೂರಾ ಭಾರ ಹಾಕ್ರಿ ಟೀಚರ್!" ಭಾಗಮ್ಮ ಕೂಗಿದಳು.
ಹಾಕಿದೆ. ಇಳಿಯಿತು.
ಎಲ್ಲರ ಮುಂದೆಯೇ ಬಾಯಿಂದ ಬಂತು... "ತಪ್ಪಾತ್ರಿ ಕಾಕಾ."

ನಾಳೆ ಬೆಳಿಗ್ಗೆ ಉಳಿದದ್ದು ಮುಗಿಸುತ್ತೇವೆ.
ಹೋಗಿ ಬರ್ರಿ ಕಾಕಾ... ನಿಮ್ಮ ಜೀವ ತಣ್ಣಗಿರಲಿ. 🙏